ಎಂ.ಎಲ್.ಸಿ. ರಿಜಿಸ್ಟರ್ ಸಾಹೇಬರಿಗೆ

ಕೊಹಿನೂರ, ಬಸವಕಲ್ಯಾಣ ತಾಲ್ಲೂಕು

ದವಾಖಾನೆಗಳ ಮೇಜಿನ ಮೇಲೆ ಸದಾ ವಿರಾಜಮಾನರಾದ ಎಂ.ಎಲ್.ಸಿ. (ಮೆಡಿಕೊ-ಲೀಗಲ್ ಕೇಸ್) ರಿಜಿಸ್ಟರ್ ಸಾಹೇಬರಿಗೆ ಶರಣು ಶರಣಾರ್ಥಿ.

ಡಾಕ್ಟರ ಡ್ಯೂಟಿ ಬದಲಾಗುತ್ತದೆ, ಸಿಸ್ಟರ್‌ಗೆ ವರ್ಗವಾಗುತ್ತದೆ, ತಾವು ಮಾತ್ರ ಕದಲುವುದಿಲ್ಲ. ತನಗೆ ತಾನೇ ಗಾಯ ಮಾಡಿಕೊಂಡ ಹುಡುಗಿಯೊಬ್ಬಳು ನಡುರಾತ್ರಿ ಬಂದಳೆನ್ನಿ, ಮೊದಲು ಬಾಯಿ ತೆರೆಯುವವರು ತಾವೇ. ಹೆಸರು, ತಂದೆಯ ಹೆಸರು, ಕರೆತಂದವರು, ಹೆಬ್ಬೆಟ್ಟು, ಎರಡು ಗುರುತಿನ ಚಿಹ್ನೆ. ಈ ಚಿಹ್ನೆಯ ಕಾಲಂ ಬಗ್ಗೆ ನನಗೆ ವಿಶೇಷ ಗೌರವ. ಮೈಮೇಲೆ ಹಳೆಯ ಕಲೆಗಳಿದ್ದರೆ ತಮ್ಮ ಕೆಲಸ ಹಗುರ, ನೋಡಿ ಬರೆದುಕೊಂಡರಾಯಿತು. ಆ ಕಲೆ ಯಾವಾಗಿನದು, ಆಗ ಅವಳನ್ನು ಯಾರಾದರೂ ಮಾತಾಡಿಸಿದರೇ ಎಂದು ಕೇಳುವ ಕಾಲಂ ಛಾಪಖಾನೆಯವರು ಹಾಕಿಲ್ಲ. ಅದು ತಮ್ಮ ತಪ್ಪಲ್ಲ.

"ಹೆಂಗಾತು?" ಎಂದರೆ ಅವ್ವ "ಮುಳ್ಳಬೇಲಿಗಿ ಬಿದ್ದಾಳ್ರೀ" ಅನ್ನುತ್ತಾಳೆ. ಅವಳಿಗೆ ಗಾಯಕ್ಕಿಂತ ತಮ್ಮ ಭಯ ಜಾಸ್ತಿ. ತಾವು ಬರೆದರೆ ಪೊಲೀಸರಿಗೆ ಹೋಗುತ್ತದೆ, ಪೊಲೀಸರು ಬಂದರೆ ಓಣಿಗೆಲ್ಲ ಗೊತ್ತಾಗುತ್ತದೆ, ಓಣಿಗೆ ಗೊತ್ತಾದರೆ ಹೆಣ್ಣು ನೋಡಲು ಹೊರಟವರು ಹುಮನಾಬಾದಿನಿಂದಲೇ ವಾಪಸ್. ಹೀಗಾಗಿ ನಮ್ಮ ಭಾಗದ ಬೇಲಿಗಳಿಗೆ ವಿನಾಕಾರಣ ಕೆಟ್ಟ ಹೆಸರು ಬಂದಿದೆ.

ತಮಗೆ ಇನ್ನೂ ಮುಟ್ಟಿರಲಿಕ್ಕಿಲ್ಲದ ಒಂದು ಸುದ್ದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಜೀವ ಕಳೆದುಕೊಳ್ಳಲು ಹೊರಟವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರ ಆರೈಕೆ, ಚಿಕಿತ್ಸೆ, ಪುನರ್ವಸತಿ ಸರ್ಕಾರದ ಹೊಣೆ ಎನ್ನುತ್ತದೆ ಅದರ 115ನೇ ಕಲಂ. ಇಂಥವರಿಗೆ ಒಂದು ವರ್ಷದವರೆಗೆ ಜೈಲು ತೋರಿಸುತ್ತಿದ್ದ 309ನೇ ಕಲಂ 2024ರ ಜುಲೈ 1ರಂದು ಹಳೆಯ ದಂಡ ಸಂಹಿತೆಯ ಜೊತೆಗೇ ಗಂಟುಮೂಟೆ ಕಟ್ಟಿತು. ಹೊಸ ಸಂಹಿತೆಯ 226ನೇ ಕಲಂ, ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಲೆಂದು ಹಾಗೆ ಮಾಡಿದವರಿಗೆ ಶಿಕ್ಷೆ ಇಟ್ಟಿದೆ. ಅಂದರೆ ನೌಕರರಿಗೆ ತೊಂದರೆಯಾಗದಂತೆ ನೊಂದುಕೊಂಡರೆ ಈಗ ಅಪರಾಧವಲ್ಲ. ಸಾಯುವ ಇರಾದೆಯೇ ಇಲ್ಲದೆ, ಒಳಗಿನ ಸಂಕಟ ತಡೆಯಲಾರದೆ ಗಾಯ ಮಾಡಿಕೊಳ್ಳುವವರೂ ಇದ್ದಾರೆ. ಅವರ ತಂಟೆಗೆ ಹಳೆಯ ಕಾನೂನೂ ಬಂದಿರಲಿಲ್ಲ. ಅವರನ್ನೂ ಬರೆದುಕೊಳ್ಳುವ ತಾವು ಕಾನೂನಿಗಿಂತ ಯಾವಾಗಲೂ ಒಂದು ಹೆಜ್ಜೆ ಮುಂದೆ.

ಹೊಲಿಗೆಗೆ ಮುಂಚೆ ಮರಗಟ್ಟಿಸುವ ಇಂಜೆಕ್ಷನ್ ಗಾಡಿಯಿಂದ ಬಿದ್ದವನಿಗೆ ಸಿಗುತ್ತದೆ. ತಾನೇ ಮಾಡಿಕೊಂಡವರಿಗೆ ಯಾಕೆ, ನೋವಾದರೆ ಬುದ್ಧಿ ಬಂದೀತು ಎಂದು ವಾದಿಸುವವರನ್ನು ಕೇಳಿದ್ದೇನೆ. ಇದು ನಮ್ಮ ಕಡೆಯ ಶೋಧ ಎಂದು ಬೀಗಬೇಡಿ. ಇಂಥ ಗಾಯಕ್ಕೂ ಅರಿವಳಿಕೆ ಕೊಡಿ ಎಂದು ಇಂಗ್ಲೆಂಡಿನ ನೈಸ್ ಸಂಸ್ಥೆ 2004ರ ಮಾರ್ಗಸೂಚಿಯಲ್ಲಿ ಬರೆದೇ ಹೇಳಬೇಕಾಯಿತು. ಅಲ್ಲಿಯೂ ತಮ್ಮ ಬೀಗರಿದ್ದಾರೆ.

ಇನ್ನು ಮನಸ್ಸಿನ ಡಾಕ್ಟರು. ಅದಕ್ಕೆ ಮಂಗಳವಾರ ಇದೆ. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ 'ಮನೋಚೈತನ್ಯ'ಕ್ಕೆ ಸರ್ಕಾರ ಆ ವಾರವನ್ನೇ ಗೊತ್ತುಮಾಡಿದೆ. (ಮಂಗಳವಾರ ಹೊಸ ಕೆಲಸ ಶುರುಮಾಡಬಾರದು ಎನ್ನುವ ಅಜ್ಜಿಯರನ್ನು ಯಾರೂ ಕೇಳಿದ್ದಿಲ್ಲ.) ಬುಧವಾರ ಎದೆ ಬಿರಿದವರು ಆರು ದಿನ ಹಲ್ಲು ಕಚ್ಚಿರಬೇಕು, ಇಲ್ಲವೇ ಬೀದರದ ಬ್ರಿಮ್ಸ್ ಆಸ್ಪತ್ರೆಗೆ ಬಸ್ಸು ಹಿಡಿಯಬೇಕು. ಹಾಗಂತ ಇದು ನಮಗೆ ಹೊಸದೇನಲ್ಲ. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ನಮ್ಮದೇ ಬಳ್ಳಾರಿ, ಅದೂ 1980ರ ದಶಕದಲ್ಲಿ. ಎಲ್ಲರೂ ಕೂತು ಅನುಭವ ಹೇಳಿಕೊಳ್ಳಲೆಂದೇ ಮಂಟಪ ಇದ್ದ ಊರು ಕಲ್ಯಾಣ, ಅದು 12ನೇ ಶತಮಾನದಲ್ಲಿ. ಅದಕ್ಕೂ ವಾರ ಗೊತ್ತುಮಾಡಿದ್ದರೇ ಎಂದು ತಿಳಿದವರು ಹೇಳಬೇಕು.

ದುಡ್ಡಿಲ್ಲ ಅನ್ನಬೇಡಿ. ವಿಶ್ವ ಆರೋಗ್ಯ ಸಂಸ್ಥೆ ಚೆನ್ನೈ, ಕೊಲಂಬೊ ಸೇರಿ ಐದು ಕಡೆ 1,867 ಜನರ ಮೇಲೆ ಮಾಡಿದ ಅಧ್ಯಯನ 2008ರಲ್ಲಿ ಪ್ರಕಟವಾಯಿತು. ಜೀವ ಕಳೆದುಕೊಳ್ಳಲು ಹೋಗಿ ಆಸ್ಪತ್ರೆ ಸೇರಿದವರ ಜೊತೆ ಒಂದು ತಾಸು ಮಾತು, ಮುಂದೆ 18 ತಿಂಗಳಲ್ಲಿ ಒಂಬತ್ತು ಸಲ ಫೋನು ಇಲ್ಲವೇ ಭೇಟಿ, ಇಷ್ಟೇ. ಎಂದಿನ ಚಿಕಿತ್ಸೆ ಮಾತ್ರ ಸಿಕ್ಕವರಲ್ಲಿ ಶೇ. 2.2ರಷ್ಟು ಜನ ಆಮೇಲೆ ಜೀವ ಕಳೆದುಕೊಂಡರೆ, ಹೀಗೆ ಮಾತು ಸಿಕ್ಕವರಲ್ಲಿ ಶೇ. 0.2. ಒಂದು ತಾಸು! ಹೆಬ್ಬೆಟ್ಟು, ಸಹಿ, ಠಾಣೆಗೆ ಚೀಟಿ ಎಂದು ತಾವೇ ಅಷ್ಟು ಹೊತ್ತು ತೆಗೆದುಕೊಳ್ಳುತ್ತೀರಿ.

ಹಗಲು-ರಾತ್ರಿ ಪುಕ್ಕಟೆ ಮಾತಾಡುವ ಟೆಲಿ ಮಾನಸ್ 2022ರ ಅಕ್ಟೋಬರ್ 10ರಿಂದ ಇದೆ, ನಂಬರು 14416, ಕನ್ನಡವೂ ನಡೆಯುತ್ತದೆ. ಡಿಸ್ಚಾರ್ಜ್ ಚೀಟಿಯ ಮೇಲೆ ಅದನ್ನು ಬರೆದುಕೊಟ್ಟದ್ದನ್ನು ನಾನಂತೂ ಕಂಡಿಲ್ಲ.

ಆದ್ದರಿಂದ ಅರಿಕೆ ಒಂದೇ. ತಮ್ಮ ಮುಂದಿನ ಮುದ್ರಣದಲ್ಲಿ ಒಂದು ಕಾಲಂ ಹೆಚ್ಚಿಗೆ ಹಾಕಿಸಿಕೊಳ್ಳಿ: 'ಇವರನ್ನು ಮತ್ತೆ ಮಾತಾಡಿಸುವವರು ಯಾರು, ಯಾವ ತಾರೀಖು'. ಜಾಗ ಸಾಲದಿದ್ದರೆ ಗುರುತಿನ ಚಿಹ್ನೆ ಒಂದೇ ಸಾಕು.

ತಮ್ಮ ವಿಧೇಯ,
ಕೊಹಿನೂರಿನ ಒಬ್ಬ