ನಿಮಗೇನು ಬೇಕು ಅಂತ ನಮಗೆ ಗೊತ್ತು, ಆದರೂ ಹೇಳಿ

ನಮ್ಮ ಕಡೆಯ ಜನರಿಗೆ ತಮಗೇನು ಬೇಕು ಎಂಬುದೇ ಗೊತ್ತಿಲ್ಲ. ಇದು ನನ್ನ ಆರೋಪವಲ್ಲ, ಸರ್ಕಾರದ ನಡವಳಿಕೆಯಿಂದ ತಾನಾಗಿ ಹೊರಡುವ ತೀರ್ಮಾನ. ಗೊತ್ತಿದ್ದಿದ್ದರೆ ಅದೇ ಪ್ರಶ್ನೆಯನ್ನು, ಅದೇ ಊರಿಗೆ ಬಂದು, ಅದೇ ಹನುಮಪ್ಪನ ಗುಡಿ ಕಟ್ಟೆಯ ಮೇಲೆ ಕೂತು ಇಷ್ಟು ವರ್ಷ ಯಾಕೆ ಕೇಳುತ್ತಿದ್ದರು?

2002ರಲ್ಲಿ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಕೇಳಿತು. ರಾಜ್ಯದ ತಾಲ್ಲೂಕುಗಳನ್ನೆಲ್ಲ ತೂಗಿ, ಅಳೆದು, 39 ತಾಲ್ಲೂಕುಗಳನ್ನು ಅತ್ಯಂತ ಹಿಂದುಳಿದವು ಎಂದು ಬರೆಯಿತು. ನಮ್ಮ ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಎರಡೂ ಆ ಪಟ್ಟಿಯಲ್ಲಿದ್ದವು. ಮಸ್ಕಿ ಆಗಿನ್ನೂ ತಾಲ್ಲೂಕೇ ಆಗಿರಲಿಲ್ಲವಾದ್ದರಿಂದ ಸ್ವಂತ ಹೆಸರಿನಲ್ಲಿ ಹಿಂದುಳಿಯುವ ಭಾಗ್ಯ ಅದಕ್ಕೆ ಸಿಗಲಿಲ್ಲ. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ಬಂತು. 2018ರಲ್ಲಿ ನೀತಿ ಆಯೋಗ ರಾಯಚೂರನ್ನು ಮಹತ್ವಾಕಾಂಕ್ಷೆಯ ಜಿಲ್ಲೆಗಳ ಪಟ್ಟಿಗೆ ಹಾಕಿತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಅಂತ ಮಲಗಿದವರು ಕಲ್ಯಾಣ ಕರ್ನಾಟಕದಲ್ಲಿ ಎದ್ದರು. ಅಷ್ಟಕ್ಕೂ ಸಮಾಧಾನವಾಗದೆ ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯಲ್ಲಿ ಮತ್ತೊಂದು ಸಮಿತಿ. ನಮ್ಮಷ್ಟು ಅಧ್ಯಯನಕ್ಕೆ ಒಳಗಾದ ಜನ ಬೇರೆಲ್ಲೂ ಸಿಗಲಿಕ್ಕಿಲ್ಲ. ಒಬ್ಬೊಬ್ಬರಿಗೂ ಒಂದೊಂದು ಡಾಕ್ಟರೇಟ್ ಕೊಟ್ಟರೂ ತಪ್ಪಿಲ್ಲ.

ಕಾನೂನಿನಲ್ಲಿ ಏನೂ ಕೊರತೆಯಿಲ್ಲ ನೋಡ್ರಿ. 1993ರ ಪಂಚಾಯತ್ ರಾಜ್ ಕಾಯ್ದೆ ಬಹಳ ಮರ್ಯಾದಸ್ಥ ಕಾಯ್ದೆ. ತಮ್ಮ ಓಣಿಗೆ ಯಾವ ಕೆಲಸ ಬೇಕು, ಅದರಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ನಿರ್ಧರಿಸುವುದು ವಾರ್ಡ್ ಸಭೆಯ ಕೆಲಸ ಎಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಗ್ರಾಮಸಭೆಗೆ ಮತದಾರರಲ್ಲಿ ಹತ್ತನೇ ಒಂದು ಭಾಗ ಅಥವಾ 100 ಮಂದಿ, ಯಾವುದು ಕಡಿಮೆಯೋ ಅಷ್ಟು ಜನ ಬರಬೇಕು. ಬಂದವರಲ್ಲಿ ಹೆಣ್ಣುಮಕ್ಕಳೂ ತಕ್ಕಷ್ಟು ಇರಬೇಕು. ಸಭೆಯ ದಿನ ಹೆಣ್ಣುಮಕ್ಕಳು ಎಲ್ಲಿರುತ್ತಾರೆ ಎಂದರೆ, ಬೆಳಗಿನ ಜಾವವೇ ಬುತ್ತಿ ಕಟ್ಟಿಕೊಂಡು ಟಂಟಂ ಏರಿ ಹತ್ತಿ ಬಿಡಿಸಲಿಕ್ಕೋ ಭತ್ತ ನಾಟಿ ಮಾಡಲಿಕ್ಕೋ ಹೋಗಿರುತ್ತಾರೆ. ಸಭೆ 11 ಗಂಟೆಗೆ. ಆದರೂ ಕೋರಂ ಆಗಿಯೇ ಆಗುತ್ತದೆ, ಏಕೆಂದರೆ ಸಹಿ ಪುಸ್ತಕ ಸಂಜೆ ಮನೆಮನೆಗೆ ನಡೆದುಕೊಂಡು ಬರುತ್ತದೆ. ಕಾಲಿಲ್ಲದ ಪುಸ್ತಕ ಅಷ್ಟು ದೂರ ನಡೆಯುವುದು ಗ್ರಾಮೀಣಾಭಿವೃದ್ಧಿಯ ದೊಡ್ಡ ಸಾಧನೆಗಳಲ್ಲೊಂದು.

ಮಸ್ಕಿ ತಾಲ್ಲೂಕಿನ ಬಳಗಾನೂರಿನ ಸುತ್ತಿನ ಒಂದು ಹಳ್ಳಿಯ ಸಭೆ ನೋಡಿ. ಹೆಸರು ಬೇಡ, ಯಾವ ಹಳ್ಳಿಯೆಂದರೂ ನಡೆಯುತ್ತದೆ. ಯೋಜನೆ ತಯಾರಿಸಲು ಒಬ್ಬ ಸಂಪನ್ಮೂಲ ವ್ಯಕ್ತಿ ಬಂದಿದ್ದಾರೆ. (ಊರಿನಲ್ಲಿ ಸಂಪನ್ಮೂಲ ಇಲ್ಲದಾಗ ಹೊರಗಿನಿಂದ ವ್ಯಕ್ತಿಯ ರೂಪದಲ್ಲಿ ತರಿಸುವುದು ವಾಡಿಕೆ.) ಕೈಯಲ್ಲಿ ರಂಗೋಲಿ ಪುಡಿ. ಜನ ತಾವೇ ನೆಲದ ಮೇಲೆ ತಮ್ಮ ಊರಿನ ನಕ್ಷೆ ಬರೆಯಬೇಕು. ಈ ಪದ್ಧತಿಯನ್ನು ನಾನು ಗೇಲಿ ಮಾಡುವುದಿಲ್ಲ. 1980ರ ದಶಕದ ಕೊನೆಯಲ್ಲಿ ಮೈರಾಡ ಸಂಸ್ಥೆಯವರು ಕರ್ನಾಟಕದ ಹಳ್ಳಿಗಳಲ್ಲೇ ಇದನ್ನು ಬೆಳೆಸಿದರು. ಇಂಗ್ಲೆಂಡಿನ ರಾಬರ್ಟ್ ಚೇಂಬರ್ಸ್ ಜಗತ್ತಿಗೆಲ್ಲ ಸಾರಿದರು. ಬೋಧನೆ ನಿಲ್ಲಿಸಿ, ಕೈಯಲ್ಲಿರುವ ಕೋಲನ್ನು ಹಳ್ಳಿಯವರಿಗೆ ಕೊಟ್ಟು ಪಕ್ಕಕ್ಕೆ ಸರಿಯಿರಿ ಎಂಬುದು ಅದರ ಮೂಲಮಂತ್ರ. ನಮ್ಮಲ್ಲಿಯೂ ಕೋಲು ಕೊಡುತ್ತಾರೆ. ಫೋಟೊ ತೆಗೆದಾದ ಮೇಲೆ ವಾಪಸ್ ಇಸಿದುಕೊಳ್ಳುತ್ತಾರೆ.

ಒಬ್ಬ ಅಜ್ಜಿ ನಕ್ಷೆ ಬರೆದಳು. ಗುಡಿ, ಮಸೂತಿ, ಸಾಲಿ, ಕೆರೆ, ಹರಿಜನ ಕೇರಿಗೆ ಹೋಗುವ ರಾಡಿ ದಾರಿ. ಹ್ಯಾಂಡ್‌ಪಂಪ್ ಇದ್ದಲ್ಲಿ ಒಂದು ಚುಕ್ಕಿ ಇಟ್ಟು, ಒಂದು ಕ್ಷಣ ಯೋಚಿಸಿ, ಅದರ ಮೇಲೆ ಕಾಟು ಹೊಡೆದಳು. ಕಾಲುವೆಯನ್ನು ಮಾತ್ರ ದಪ್ಪಗೆ ಶುರು ಮಾಡಿ, ಊರ ಹತ್ತಿರ ಬರುತ್ತಿದ್ದಂತೆ ಪುಡಿಯನ್ನು ತೆಳ್ಳಗೆ ಉದುರಿಸುತ್ತ, ಊರು ಮುಟ್ಟುವ ಮೊದಲೇ ಕೈ ಝಾಡಿಸಿಬಿಟ್ಟಳು. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ಸಮಸ್ಯೆಯ ಬಗ್ಗೆ ಇದಕ್ಕಿಂತ ಒಳ್ಳೆಯ ತಾಂತ್ರಿಕ ವರದಿಯನ್ನು ನಾನು ನೋಡಿಲ್ಲ. 227 ಕಿಲೋಮೀಟರ್ ಉದ್ದದ ಕಾಲುವೆ, ಮೇಲ್ಭಾಗದಲ್ಲಿ ಅನಧಿಕೃತ ನೀರಾವರಿ, ಮಿತ ನೀರಿನ ಬೆಳೆಗೆಂದು ಕಟ್ಟಿದ್ದರಲ್ಲಿ ಎಲ್ಲೆಲ್ಲೂ ಭತ್ತ, ಕೆಳಗಿನವರಿಗೆ ಗೇಜ್ ನೋಡುವ ಭಾಗ್ಯ ಮಾತ್ರ. ಎಲ್ಲವೂ ಆ ತೆಳ್ಳಗಾದ ಗೆರೆಯಲ್ಲಿತ್ತು.

ಆಮೇಲೆ ಆದ್ಯತೆಯ ಆಟ. ಒಬ್ಬೊಬ್ಬರಿಗೆ ಹತ್ತು ಹುಣಸೆ ಬೀಜ. ರಸ್ತೆ, ನೀರು, ಶಾಲೆ, ದವಾಖಾನೆ, ಶೌಚಾಲಯ ಎಂದು ಬರೆದ ಚೀಟಿಗಳು. ಯಾವುದು ಹೆಚ್ಚು ಬೇಕೋ ಅದಕ್ಕೆ ಹೆಚ್ಚು ಬೀಜ. ಒಬ್ಬ ಹೆಣ್ಣುಮಗಳು ಬಂದವಳೇ ಹತ್ತನ್ನೂ ನೀರಿನ ಚೀಟಿಯ ಮೇಲೆ ಸುರಿದು ಎದ್ದಳು.

"ಅವ್ವಾ, ಎಲ್ಲಾ ಒಂದ ಕಡೆ ಹಾಕಬಾರದವ್ವಾ, ಹಂಚಿ ಹಾಕಬೇಕು," ಎಂದರು ಸಂಪನ್ಮೂಲ ವ್ಯಕ್ತಿ.

"ಕಾಲುವಿ ನೀರು ಹಂಚಿ ಬಿಡಾಕ ಹೇಳ್ರಿ ಮೊದ್ಲ. ಆಮ್ಯಾಲ ನಾ ಬೀಜ ಹಂಚಿ ಹಾಕ್ತೀನಿ," ಎಂದಳು ಆಕೆ.

ಇದನ್ನು ನಡಾವಳಿಯಲ್ಲಿ 'ಮಹಿಳೆಯರು ಚರ್ಚೆಯಲ್ಲಿ ಸಕ್ರಿಯವಾಗಿ ಭಾಗವಹಿಸಿದರು' ಎಂದು ದಾಖಲಿಸಲಾಯಿತು. ನಂತರ ಒಗ್ಗರಣಿ ಮಿರ್ಚಿ, ಚಾ.

ಈಗ ಆ ಊರಿನ ಅಂತಿಮ ಆದ್ಯತಾ ಪಟ್ಟಿ ನೋಡಿ. ಒಂದು, ಸಿ.ಸಿ. ರಸ್ತೆ. ಎರಡು, ಮೊದಲನೆಯದರ ಮುಂದುವರಿದ ಸಿ.ಸಿ. ರಸ್ತೆ. ಮೂರು, ಹೈಮಾಸ್ಟ್ ದೀಪ. ನಾಲ್ಕು, ಸಮುದಾಯ ಭವನದ ಕಾಂಪೌಂಡ್. ಹತ್ತು ಹುಣಸೆ ಬೀಜ ಇಷ್ಟು ಬೇಗ ಸಿಮೆಂಟ್ ಆದದ್ದು ಹೇಗೆ ಎಂದು ಪಟ್ಟಣದ ಓದುಗರು ಕೇಳಬಹುದು. ಇದರಲ್ಲಿ ಮಾಟ ಮಂತ್ರ ಇಲ್ಲ, ಶುದ್ಧ ಆಡಳಿತ. ನೀರು ಬೇಕೇ? ಅದಕ್ಕೆ 2019ರಿಂದ ಜಲಜೀವನ ಮಿಷನ್ ಇದೆ, ತಲೆಗೆ ದಿನಕ್ಕೆ 55 ಲೀಟರ್, ಆದ್ದರಿಂದ ಪಂಚಾಯಿತಿಯ ಪಟ್ಟಿಯಲ್ಲಿ ಮತ್ತೆ ಬೇಡ. ಮಿಷನ್‌ನವರು ಬರುತ್ತಾರೆ, ಇದ್ದ ಒಂದು ರಸ್ತೆಯನ್ನು ಅಗೆದು ಪೈಪು ಹಾಕಿ, ಮನೆ ಮುಂದೆ ನಲ್ಲಿ ನಿಲ್ಲಿಸಿ ಹೋಗುತ್ತಾರೆ. ನಲ್ಲಿಗೆ ನೀರು ಬರಬೇಕಾದರೆ ಕೆರೆ ತುಂಬಬೇಕು, ಕೆರೆ ತುಂಬಬೇಕಾದರೆ ಕಾಲುವೆ ಹರಿಯಬೇಕು, ಕಾಲುವೆ ಜಲಸಂಪನ್ಮೂಲ ಇಲಾಖೆಯದು, ಅದು ಈ ಸಭೆಗೆ ಬರುವುದಿಲ್ಲ. ಉಳಿದದ್ದು ಅಗೆದ ರಸ್ತೆ. ಈಗ ಹೇಳಿ, ಊರಿನ ತುರ್ತು ಅಗತ್ಯ ಯಾವುದು? ರಸ್ತೆ! ಜನ ಕೂಡ ಒಪ್ಪಿದರು. ರಾಡಿಯಲ್ಲಿ ನಿಂತವರು ಇನ್ನೇನು ಹೇಳಿಯಾರು?

15ನೇ ಹಣಕಾಸು ಆಯೋಗದ ದುಡ್ಡಿನದೂ ಇದೇ ಕತೆ. ನೂರರಲ್ಲಿ 60 ರೂಪಾಯಿಗೆ ದಿಲ್ಲಿಯಲ್ಲೇ ಗಂಟು ಹಾಕಿ, ನೀರು ಮತ್ತು ನೈರ್ಮಲ್ಯಕ್ಕೆ ಮಾತ್ರ ಎಂದು ಚೀಟಿ ಅಂಟಿಸಿ ಕಳಿಸಿದರು. ಉಳಿದ 40 ನಿಮ್ಮಿಷ್ಟ, ಆದರೆ ಸಂಬಳಕ್ಕೆ ಬಳಸಬೇಡಿ. ಯೋಜನೆಯನ್ನು ಇ-ಗ್ರಾಮ ಸ್ವರಾಜ್ ಜಾಲತಾಣದಲ್ಲಿ ಏರಿಸಬೇಕು. ಸುಸ್ಥಿರ ಅಭಿವೃದ್ಧಿಯ ಒಂಬತ್ತು ವಿಷಯಗಳಲ್ಲಿ ಸಂಕಲ್ಪ ಮಾಡಬೇಕು: ಬಡತನ ಮುಕ್ತ ಗ್ರಾಮ, ಮಕ್ಕಳ ಸ್ನೇಹಿ ಗ್ರಾಮ, ಜಲ ಸಮೃದ್ಧ ಗ್ರಾಮ ಹೀಗೆ. ಊರವರು ಈ ವರ್ಷ ಬಡತನ ಬಿಡಬೇಕೋ, ಮಕ್ಕಳ ಸ್ನೇಹ ಮಾಡಬೇಕೋ ಎಂದು ಕೈ ಎತ್ತಿ ಹೇಳಬೇಕು. ಮಕ್ಕಳ ಗ್ರಾಮಸಭೆಯೂ ಬೇರೆ ಇದೆ. ಅಲ್ಲಿ ಒಬ್ಬ ಹುಡುಗ ಎದ್ದು "ನಮ್ಮ ಸಾಲಿಗೆ ಗಣಿತದ ಸರ್ ಇಲ್ರಿ" ಎಂದರೆ ಚಪ್ಪಾಳೆ ಹೊಡೆಯುತ್ತಾರೆ. ಎಷ್ಟು ಧೈರ್ಯವಾಗಿ ಮಾತಾಡಿದ ನೋಡಿ ಎಂದು. ಅವನು ಕೇಳಿದ್ದು ಚಪ್ಪಾಳೆಯನ್ನಲ್ಲ.

ಇಷ್ಟಾದರೂ ಹಳ್ಳಿಯವರಿಗೆ ಸಭೆಯಾದರೂ ಇದೆ. ಬಳಗಾನೂರಿಗೆ ಅದೂ ಇಲ್ಲ. ಏಕೆಂದರೆ ಬಳಗಾನೂರು ಈಗ ಹಳ್ಳಿಯಲ್ಲ, ಪಟ್ಟಣ. ಗ್ರಾಮ ಪಂಚಾಯಿತಿ ಹೋಗಿ ಪಟ್ಟಣ ಪಂಚಾಯಿತಿ ಆಗಿದೆ. ಪಿಡಿಒ ಇದ್ದ ಕುರ್ಚಿಯಲ್ಲಿ ಮುಖ್ಯಾಧಿಕಾರಿ, ಆಸ್ತಿ ದಾಖಲೆಗೆ ಇ-ಸ್ವತ್ತು ಇದ್ದಲ್ಲಿ ಇ-ಆಸ್ತಿ, ಗ್ರಾಮೀಣಾಭಿವೃದ್ಧಿ ಇಲಾಖೆ ಇದ್ದಲ್ಲಿ ಪೌರಾಡಳಿತ. 1964ರ ಪುರಸಭೆಗಳ ಕಾಯ್ದೆಯ ಪ್ರಕಾರ ಇಂಥ ಊರಿನಲ್ಲಿ ದುಡಿಯುವವರ ಪೈಕಿ ಅರ್ಧದಷ್ಟಾದರೂ ಒಕ್ಕಲುತನ ಬಿಟ್ಟು ಬೇರೆ ಕಸುಬಿನಲ್ಲಿರಬೇಕು. ಬೆಳಿಗ್ಗೆ ಕುಡುಗೋಲು ಹಿಡಿದು ಹೊರಟವರನ್ನು ನಿಲ್ಲಿಸಿ ಯಾರೂ ಇದನ್ನು ತಿಳಿಸಿದಂತಿಲ್ಲ. ಪಾಪ, ತಾವಿನ್ನೂ ಕೂಲಿಕಾರರು ಎಂದೇ ಅವರು ಭಾವಿಸಿದ್ದಾರೆ.

ಬಡ್ತಿಯ ಲಾಭ ಏನೇನು? 2005ರ ಉದ್ಯೋಗ ಖಾತ್ರಿ ಕಾಯ್ದೆ ವರ್ಷಕ್ಕೆ 100 ದಿನ ಕೆಲಸ ಎಂದದ್ದು ಗ್ರಾಮೀಣ ಕುಟುಂಬಗಳಿಗೆ. ಊರು ಪಟ್ಟಣವಾದ ದಿನ ಜಾಬ್ ಕಾರ್ಡು ನೆನಪಿನ ಕಾಣಿಕೆ. ಪಕ್ಕದ ಹಳ್ಳಿಯವನಿಗೆ ಕೆರೆ ಹೂಳೆತ್ತುವ ಕೆಲಸ ಉಂಟು, ಪಟ್ಟಣವಾಸಿಗೆ ಬೆಂಗಳೂರಿನ ಗುಳೆ ಬಸ್ಸು ಉಂಟು. ಗ್ರಾಮಸಭೆ? ಅದು ಗ್ರಾಮಕ್ಕೆ. ವಾರ್ಡ್ ಸಮಿತಿ? ಸಂವಿಧಾನದ 243ಎಸ್ ವಿಧಿ ಅದನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಗಳಿಗೆ. ಬಳಗಾನೂರಿನಂಥ ಊರುಗಳು ಮಾತಾಡಲಾಗದಷ್ಟು ದೊಡ್ಡವು, ಕೇಳಿಸಿಕೊಳ್ಳಲಾಗದಷ್ಟು ಚಿಕ್ಕವು. ತಮ್ಮ ಅಗತ್ಯ ತಾವೇ ಗುರುತಿಸಿ ಎಂದು ವರ್ಷಗಟ್ಟಲೆ ಹೇಳಿಕೊಟ್ಟು, ಅಷ್ಟರಲ್ಲಿ ಜನ ಎದ್ದು ಗುರುತಿಸಲು ಶುರು ಮಾಡಿದರೆ, ಊರಿಗೇ ಬಡ್ತಿ ಕೊಟ್ಟು ಸಭೆ ಬರಖಾಸ್ತು ಮಾಡುವುದು! ಇಂಥ ಉಪಾಯ ಚಾಣಕ್ಯನಿಗೂ ಹೊಳೆದಿರಲಿಕ್ಕಿಲ್ಲ.

ಸಭೆ ಇಲ್ಲದವರು ಅರ್ಜಿ ಹಿಡಿದು ಹೊರಡಬೇಕು. ಬಳಗಾನೂರು ಹಿಂದೆ ಸಿಂಧನೂರು ತಾಲ್ಲೂಕು, ಈಗ ಮಸ್ಕಿ ತಾಲ್ಲೂಕು. ಜಿಲ್ಲೆ ರಾಯಚೂರು. ಶಾಸಕರು ಮಸ್ಕಿ ಕ್ಷೇತ್ರದವರು. ಸಂಸದರು ರಾಯಚೂರಿನವರಲ್ಲ, ಕೊಪ್ಪಳ ಕ್ಷೇತ್ರದವರು. ಕಾಲುವೆಯ ದೊಡ್ಡ ಎಂಜಿನಿಯರ್ ಮುನಿರಾಬಾದಿನಲ್ಲಿ. ಅಣೆಕಟ್ಟು ನೋಡಿಕೊಳ್ಳುವ ಮಂಡಳಿ ಹೊಸಪೇಟೆಯಲ್ಲಿ. 371(ಜೆ) ದುಡ್ಡಿನ ಮಂಡಳಿ ಕಲಬುರಗಿಯಲ್ಲಿ. ಒಂದು ಅರ್ಜಿ ಇಷ್ಟು ಊರು ತಿರುಗಿ ಬಂದರೆ ಅದಕ್ಕೆ ಪುಣ್ಯ ಬರುತ್ತದೆಯೇ ಹೊರತು ಉತ್ತರ ಬರುವುದಿಲ್ಲ.

ಹಾಗೆಂದು ಜನ ಸುಮ್ಮನೆ ಕೂತಿಲ್ಲ. ಇದೇ ಮಸ್ಕಿ ತಾಲ್ಲೂಕಿನ ಪಾಮನಕಲ್ಲೂರಿನಲ್ಲಿ 2020ರ ಕೊನೆಯಲ್ಲಿ ರೈತರು ಟೆಂಟು ಹಾಕಿ ಕೂತರು. ಬೇಡಿಕೆ ಒಂದೇ: ನಾರಾಯಣಪುರ ಬಲದಂಡೆಯ 5ಎ ಕಾಲುವೆ. ಹುಣಸೆ ಬೀಜ ಇಲ್ಲ, ರಂಗೋಲಿ ಇಲ್ಲ, ಸಂಪನ್ಮೂಲ ವ್ಯಕ್ತಿ ಇಲ್ಲ. ಹಳ್ಳಿಹಳ್ಳಿಯವರು ಸೇರಿ ಒಂದನ್ನೇ ಮೊದಲು ಎಂದರು, ತಿಂಗಳುಗಟ್ಟಲೆ ಅದನ್ನೇ ಹೇಳಿದರು. ಕಾಯ್ದೆ ಪುಸ್ತಕದಲ್ಲಿ ಹೇಳಿದ ಆದ್ಯತೆ ನಿರ್ಧಾರ ಎಂದರೆ ಇದೇ. ಆದರೆ ಅದು ಸರಿಯಾದ ನಮೂನೆಯಲ್ಲಿ ಇರಲಿಲ್ಲ.

ಆಗ ಮಸ್ಕಿ ಕ್ಷೇತ್ರಕ್ಕೆ ಉಪಚುನಾವಣೆ ಬಂತು. ಅದರ ಹಿನ್ನೆಲೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 2018ರಲ್ಲಿ ಕಾಂಗ್ರೆಸ್ಸಿನ ಪ್ರತಾಪಗೌಡ ಪಾಟೀಲರು ಬಿಜೆಪಿಯ ಬಸನಗೌಡ ತುರ್ವಿಹಾಳ ಅವರನ್ನು 213 ಮತಗಳಿಂದ ಸೋಲಿಸಿದ್ದರು. 2021ರ ಏಪ್ರಿಲ್‌ನಲ್ಲಿ ಬಿಜೆಪಿಯ ಪ್ರತಾಪಗೌಡ ಪಾಟೀಲರನ್ನು ಕಾಂಗ್ರೆಸ್ಸಿನ ಬಸನಗೌಡ ತುರ್ವಿಹಾಳರು 30 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಮುದ್ರಣ ದೋಷವಲ್ಲ, ಮತ್ತೊಮ್ಮೆ ಓದಿ. ಗೌಡರು ಅವರೇ, ಪಕ್ಷಗಳೂ ಅವೇ, ಅದಲು ಬದಲಾದದ್ದು ಶಾಲು ಮಾತ್ರ. ಇಡೀ ಕ್ಷೇತ್ರದಲ್ಲಿ ಪಕ್ಷಾಂತರ ಮಾಡದೆ ಇದ್ದಲ್ಲೇ ಇದ್ದದ್ದು ಜನರ ಬೇಡಿಕೆಯೊಂದೇ. ಆ ಚುನಾವಣೆಯಲ್ಲಿ 5ಎ ಎರಡೂ ವೇದಿಕೆಗಳ ಭಾಷಣಗಳಲ್ಲಿ ಭೋರ್ಗರೆದು ಹರಿಯಿತು, ಮೈಕಿನ ವಯರು ನೆನೆಯದಿದ್ದುದೇ ಆಶ್ಚರ್ಯ.

ಮಸ್ಕಿಗೆ ಹೋದವರು ಗುಡ್ಡದ ಮೇಲಿನ ಅಶೋಕನ ಶಾಸನ ನೋಡದೆ ಬರುವುದಿಲ್ಲ. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಬಂದು ಅದನ್ನು ಕಂಡ. ದೇವಾನಾಂಪ್ರಿಯ ಎಂದರೆ ಅಶೋಕನೇ ಎಂದು ಹೆಸರು ಹಿಡಿದು ಸಾರಿದ ಕಲ್ಲು ಅದು. ಅದೇ ಚಕ್ರವರ್ತಿ ತನ್ನ ಮತ್ತೊಂದು ಶಾಸನದಲ್ಲಿ, ನಾನು ಉಣ್ಣುತ್ತಿರಲಿ, ಅಂತಃಪುರದಲ್ಲಿರಲಿ, ಪ್ರಜೆಗಳ ಅಹವಾಲು ಯಾವ ಹೊತ್ತಿನಲ್ಲಾದರೂ ನನಗೆ ಮುಟ್ಟಲಿ ಎಂಬರ್ಥದ ಆಜ್ಞೆ ಹೊರಡಿಸಿದ್ದಾನೆ. ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು, ಆಡಳಿತ ಆಗಿನ್ನೂ ಬೆಳೆದಿರಲಿಲ್ಲ. ಈಗ ಯಾವ ಕಚೇರಿಗೆ ಹೋದರೂ ಜವಾನ ಬಾಗಿಲಲ್ಲೇ ಹೇಳುತ್ತಾನೆ: "ಸಾಹೇಬ್ರು ವಿ.ಸಿ.ಯಾಗ ಅದಾರ್ರಿ." ಆ ವಿಡಿಯೊ ಕಾನ್ಫರೆನ್ಸಿನ ವಿಷಯ ಏನೆಂದು ಕೇಳಿದರೆ, ಜನರ ಅಗತ್ಯಗಳನ್ನು ಗುರುತಿಸುವ ಬಗ್ಗೆ.

ಈ ಅಂಕಣ ಓದುವವರಲ್ಲಿ ಹಳ್ಳಿಯವರು ಇದ್ದೇ ಇರುತ್ತೀರಿ. ಮುಂದಿನ ವಾರ್ಡ್ ಸಭೆ ಸಂಜೆ ಇಡಿ ಎಂದು ಈಗಲೇ ಬರೆದು ಕೊಡಿ, ಹೊಲಕ್ಕೆ ಹೋದ ಹೆಣ್ಣುಮಕ್ಕಳು ಬರಲಿ. ಕಳೆದ ಸಭೆಯ ನಡಾವಳಿಯನ್ನು ಅಲ್ಲೇ ಗಟ್ಟಿಯಾಗಿ ಓದಿಸಿ, ನೀವು ಹೇಳಿದ್ದಕ್ಕೂ ಅವರು ಬರೆದದ್ದಕ್ಕೂ ತಾಳೆ ನೋಡಿ. ಸಹಿ ಪುಸ್ತಕ ರಾತ್ರಿ ಮನೆ ಬಾಗಿಲಿಗೆ ಬಂದರೆ ಸಹಿ ಹಾಕದೆ ವಾಪಸ್ ಕಳಿಸಿ. ಬಳಗಾನೂರಿನವರು ಇಷ್ಟನ್ನೂ ಮಾಡುವಂತಿಲ್ಲ, ಅವರು ಪಟ್ಟಣದವರು. ಸಭೆ ಕೊಡಿ ಎಂಬುದನ್ನೇ ಅವರು ತಮ್ಮ ಪಟ್ಟಿಯಲ್ಲಿ ಮೊದಲನೆಯದಾಗಿ ಬರೆಯಬೇಕು.