ಚಾತುರ್ಮಾಸ್ಯ ಮುಗಿಸದ ಕಾರಿಗೆ

ಸತ್ಯಮಂಗಲ, ತುಮಕೂರು

ಶ್ರೀಮತ್ ಕೆಎ-06 ಕಾರುರಾಯರ ನಾಲ್ಕೂ ಚಕ್ರಗಳಿಗೆ ಸೇವಕನ ಸಾಷ್ಟಾಂಗ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಮ್ಮ ಕ್ಷೇಮಸಮಾಚಾರವನ್ನು ಮೆಕ್ಯಾನಿಕ್ ಬಾಯಿಂದ ಕೇಳಿ ತಿಳಿದೆವು. ಬಿಲ್ಲೂ ತಲುಪಿತು.

ಆಷಾಢದಲ್ಲಿ ಮಗಳ ಬಾಣಂತನಕ್ಕೆಂದು ನಾವು ಮಿನೆಸೋಟಕ್ಕೆ ಹೊರಟೆವು, ತಾವು ಪೋರ್ಟಿಕೋದಲ್ಲಿ ಚಾತುರ್ಮಾಸ್ಯಕ್ಕೆ ಕೂತಿರಿ. ಈ ವ್ರತ ಹಿಡಿದವರು ತಿಂಗಳಿಗೊಂದರಂತೆ ತರಕಾರಿ, ಮೊಸರು, ಹಾಲು, ಬೇಳೆಕಾಳು ಬಿಡುತ್ತಾರೆ. ತಮ್ಮ ವೈರಾಗ್ಯ ಅದಕ್ಕೂ ಮಿಗಿಲು. ಮೊದಲ ತಿಂಗಳು ಬ್ಯಾಟರಿ ಬಿಟ್ಟಿರಿ, ಎರಡನೆಯ ತಿಂಗಳು ಟೈರಿನ ಗಾಳಿ ಬಿಟ್ಟಿರಿ, ಮೂರನೆಯದರಲ್ಲಿ ಬ್ರೇಕು, ನಾಲ್ಕನೆಯದರಲ್ಲಿ ಸ್ಟಾರ್ಟ್ ಆಗುವ ಆಸೆಯನ್ನೇ ಬಿಟ್ಟಿರಿ.

ಸೇವೆಯಲ್ಲಿ ನನ್ನಿಂದ ಲೋಪವಾಗಿರಲಿಲ್ಲ ಎಂದು ವಿನಯದಿಂದ ಅರಿಕೆ ಮಾಡಿಕೊಳ್ಳುತ್ತೇನೆ. ಮಗಳು ಮೊದಲೇ ಒಂದು ಪಟ್ಟಿ ಕಳಿಸಿದ್ದಳು. ಅವಳ ಊರಲ್ಲಿ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುತ್ತಾರಂತೆ. ಆ ಉಪ್ಪು ಕಾರಿನ ತಳ ತಿನ್ನುತ್ತದೆಂದು ಕೆಲವರು ತಮ್ಮ ಮುದ್ದಿನ ಗಾಡಿಯನ್ನು ಚಳಿಗಾಲವಿಡೀ ಗ್ಯಾರೇಜಿನಲ್ಲಿ ಮಲಗಿಸುತ್ತಾರೆ. ನೀರು ಹೆಪ್ಪುಗಟ್ಟಿದರೆ ಸುಮಾರು ಶೇ 9ರಷ್ಟು ಹಿಗ್ಗಿ ಎಂಜಿನ್ನನ್ನೇ ಸೀಳಬಹುದು, ಕೂಲೆಂಟ್ ಹಾಕಿಸಿ ಎಂದಿದ್ದಳು. ನಮ್ಮಲ್ಲಿ ಚಳಿಯೆಂದರೆ ಮಫ್ಲರು ಸುತ್ತಿಕೊಂಡು ಕ್ಯಾತ್ಸಂದ್ರಕ್ಕೆ ತಟ್ಟೆ ಇಡ್ಲಿ ತಿನ್ನಲು ಹೋಗುವಷ್ಟು. ಆದರೂ ಹಾಕಿಸಿದೆ. ಆಯಿಲ್ ಬದಲಿಸಿದೆ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಬ್ರೇಕ್ ಕಚ್ಚಿಕೊಳ್ಳುತ್ತದೆಂದು ಅದನ್ನು ಬಿಟ್ಟು, ಫಸ್ಟ್ ಗೇರಿಗೆ ಹಾಕಿ ಚಕ್ರಕ್ಕೆ ಕಲ್ಲು ಕೊಟ್ಟೆ. ಆದರೂ ತಾವು ಕಚ್ಚಿಕೊಂಡಿರಿ. ಈಗಿನ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್. ಅದು ತೇವ ಎಳೆದುಕೊಳ್ಳುತ್ತದೆ, ಟ್ಯಾಂಕಿನಲ್ಲಿ ಗಾಳಿಗೆ ಜಾಗ ಇರಬಾರದು ಎಂದದ್ದಕ್ಕೆ ಕಂಠಪೂರ್ತಿ ತುಂಬಿಸಿದೆ. ಉಪವಾಸಕ್ಕೆ ಕೂರುವವರಿಗೆ ಇಂಥ ಊಟ ಹಾಕಿದವನು ಈ ಬಡಾವಣೆಯಲ್ಲಿ ನಾನೊಬ್ಬನೇ ಇರಬೇಕು.

ಬ್ಯಾಟರಿಯ ನೆಗೆಟಿವ್ ವೈರು ಬಿಚ್ಚಿಡಿ ಎಂದೂ ಪಟ್ಟಿಯಲ್ಲಿತ್ತು. ಗಡಿಯಾರ ನಿಂತರೆ ತಮಗೆ ಹೊತ್ತು ಗೊತ್ತಾಗುವುದಿಲ್ಲವಲ್ಲ ಎಂಬ ಕರುಣೆಯಿಂದ ಬಿಚ್ಚಲಿಲ್ಲ, ಅಪರಾಧ ನನ್ನದೇ. ಬದಲಿಗೆ ಪಕ್ಕದ ಮನೆ ಹುಡುಗನಿಗೆ ಕೀ ಕೊಟ್ಟು, ಹದಿನೈದು ದಿನಕ್ಕೊಮ್ಮೆ ಸ್ಟಾರ್ಟ್ ಮಾಡಿ ನಾಲ್ಕು ಹೆಜ್ಜೆ ಆಡಿಸು ಎಂದಿದ್ದೆ. ಕುಣಿಗಲ್ಲಿನ ಕುದುರೆ ಫಾರಂ ಟಿಪ್ಪುವಿನ ಕಾಲದ್ದು. ಲಾಯದಲ್ಲಿ ಕಟ್ಟಿದ ಕುದುರೆಗೂ ದಿನಾ ನಡಿಗೆ ಬೇಕೆಂದು ಈ ಸೀಮೆಯವನಿಗೆ ಹೇಳಿಕೊಡಬೇಕೆ? ಹುಡುಗ ಕೀಯನ್ನು ಅರ್ಧ ತಿರುಗಿಸಿ, ಒಳಗೆ ಕೂತು ಹಾಡು ಕೇಳಿ ಹೋಗುತ್ತಿದ್ದನಂತೆ. ತಮಗೆ ಸಂಗೀತಸೇವೆಯೂ ಸಂದಿತಲ್ಲ ಎಂದು ಧನ್ಯನಾದೆ.

ತಮ್ಮ ದಾಸೋಹದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಸಿದ್ಧಗಂಗೆಯ ನೆರೆಯಲ್ಲಿರುವ ಗಾಡಿ ಬಂದವರಿಗೆ ಅನ್ನ, ನೆರಳು ಇಲ್ಲವೆನ್ನುವುದುಂಟೆ? ಬಾನೆಟ್ ಒಳಗೆ ಹೊಗೆಸೊಪ್ಪು, ನುಸಿಗುಳಿಗೆ ಇಟ್ಟು ಹೋಗಿದ್ದೆ. ಹೆಗ್ಗಣ ದಂಪತಿಗಳು ಅವನ್ನು ಒಂದು ಮೂಲೆಗೆ ಸರಿಸಿ, ತೆಂಗಿನ ನಾರು ತಂದು ಏರ್ ಫಿಲ್ಟರ್ ಮೇಲೆ ಹಾಸಿಗೆ ಹಾಸಿದ್ದರು. ಕಲ್ಪತರು ನಾಡಿನಲ್ಲಿ ನಾರಿಗೆ ಬರವೆ? ಊಟಕ್ಕೆ ವೈರಿಂಗ್. ನಾವು ಸಾವಿರಾರು ಮೈಲಿ ಹೋಗಿ ಒಂದು ಬಾಣಂತನ ಮಾಡಿದರೆ, ತಾವು ಕೂತಲ್ಲೇ ಎರಡು ಮುಗಿಸಿದ್ದಿರಿ ಎಂದು ಮರಿಗಳ ಲೆಕ್ಕ ಹೇಳಿತು.

ಸೆಪ್ಟೆಂಬರು, ಅಕ್ಟೋಬರಿನ ಮಳೆಗೆ ನೆನೆಯದಿರಲೆಂದು ಪ್ಲಾಸ್ಟಿಕ್ ಹೊದಿಕೆ ಹೊದಿಸಿದ್ದೆ. ಒಳಗೆ ಬೆವರಿ ಸೀಟಿಗೆಲ್ಲ ಬೂಷ್ಟು. ಆಯುಧಪೂಜೆಗೆ ನಾವಿಲ್ಲದಿದ್ದರೂ ಎದುರುಮನೆಯವರು ಬೂದುಗುಂಬಳ ಒಡೆದು, ಚಕ್ರಗಳಡಿ ನಿಂಬೆಹಣ್ಣಿಟ್ಟಿದ್ದರು. ನಾವು ಬಂದಾಗ ನಾಲ್ಕೂ ಹಣ್ಣು ಒಣಗಿ, ಇಟ್ಟಲ್ಲೇ ಇದ್ದವು. ಜೀವಹಿಂಸೆ ಒಲ್ಲೆನೆಂದಿರೇನೋ.

ಉತ್ಥಾನ ದ್ವಾದಶಿಯ ಸಂಜೆ ನನ್ನಾಕೆ ತಮ್ಮ ಬಂಪರ್ ಪಕ್ಕದಲ್ಲೇ ತುಳಸಿಗೆ ನೆಲ್ಲಿಕೊಂಬೆ ನೆಟ್ಟು ದೀಪ ಹಚ್ಚಿದಳು. ಕ್ಷೀರಸಾಗರದಲ್ಲಿ ಮಲಗಿದ್ದ ಮಹಾವಿಷ್ಣುವೇ ಎದ್ದ. ನಾನು ಭಕ್ತಿಯಿಂದ ಕೀ ತಿರುಗಿಸಿದೆ. ತಾವು ‘ಟಿಕ್’ ಎಂದಿರಿ.

ಈಗ ಹೊಸ ಬ್ಯಾಟರಿ, ಹೊಸ ವೈರಿಂಗ್ ಧರಿಸಿದ್ದೀರಿ. ನಾಳಿದ್ದು ಗುಬ್ಬಿಯಲ್ಲಿ ಮದುವೆ. ತಾವು ದಯಮಾಡಿಸಿದರೆ ಸಂತೋಷ. ಮನಸ್ಸಿಲ್ಲದಿದ್ದರೆ ಸಂಕೋಚ ಬೇಡ. ಬಸ್ಸಿನ ವೇಳೆ ವಿಚಾರಿಸಿಟ್ಟಿದ್ದೇನೆ.

ಇಂತಿ ತಮ್ಮ ವಿಧೇಯ,
ಸ್ಟೇರಿಂಗ್ ಹಿಡಿಯಬೇಕಾದವನು, ಸದ್ಯಕ್ಕೆ ಹಿಂದಿನಿಂದ ತಳ್ಳುವವನು