ಗ್ಲೋಬಲ್ ಎಂಟ್ರಿ ಸಂದರ್ಶನ ಮೀಮಾಂಸೆ

ಅಮೆರಿಕದ ಗಡಿ ಇಲಾಖೆ 2008ರಲ್ಲಿ ತೆರೆದ ಗ್ಲೋಬಲ್ ಎಂಟ್ರಿ ಯೋಜನೆಯ ಸಂದರ್ಶನಕ್ಕೆ ಸಿದ್ಧರಾಗುವ ಬಗೆಯೇ ಈ ಗ್ರಂಥದ ವಿಷಯ. ವಿಮಾನ ಇಳಿದ ಮೇಲೆ ಹನುಮಂತನ ಬಾಲದಂಥ ಸಾಲಿನಲ್ಲಿ ನಿಲ್ಲದಿರುವುದು ಪ್ರಯೋಜನ. ಮರಳಿ ಬಾರದ 120 ಡಾಲರ್ ಕಟ್ಟಿದವನೇ ಅಧ್ಯಯನಕ್ಕೆ ಅರ್ಹ. ಶಮದಮಾದಿ ಗುಣಗಳು ಮೊದಲೇ ಇರಬೇಕಿಲ್ಲ. ಅಪಾಯಿಂಟ್‌ಮೆಂಟ್ ಹುಡುಕುವಾಗ ತಾವಾಗಿ ಬರುತ್ತವೆ.

ಭಾರತೀಯ ಪ್ರಜೆಗಳಿಗೆ ಇದರ ಬಾಗಿಲು ತೆರೆದದ್ದು 2017ರಲ್ಲಿ. ಅವರ ಹಿನ್ನೆಲೆಯನ್ನು ಪಾಸ್‌ಪೋರ್ಟ್ ಸೇವಾ ಮೂಲಕ ನಮ್ಮವರೂ ಜಾಲಾಡುತ್ತಾರೆ. ನಮ್ಮ ಸರ್ಕಾರವೇ ನಡೆಸುವ ಇಂಥದೇ ಯೋಜನೆ 2025ರ ಜನವರಿಯಲ್ಲಿ ಬೆಂಗಳೂರಿಗೂ ಬಂತು. ಆದರೆ ಅಲ್ಲಿ ಶುಲ್ಕವಿಲ್ಲ, ಬೆರಳಚ್ಚು ಮತ್ತು ಮುಖದ ಚಿತ್ರ ಕೊಟ್ಟರೆ ಮುಗಿಯಿತು. ಪ್ರಶ್ನೆಯಿಲ್ಲದ ಕಡೆ ಶಾಸ್ತ್ರಕ್ಕೇನು ಕೆಲಸ? ಅದನ್ನು ಕೈಬಿಡಲಾಗಿದೆ.

ಒಯ್ಯಬೇಕಾದ ಕಾಗದಪತ್ರಗಳ ಬಗ್ಗೆ ಎರಡು ಮತಗಳಿವೆ. ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಇದ್ದವರಿಗೆ ಗ್ರೀನ್ ಕಾರ್ಡ್, ವಿಳಾಸಕ್ಕೊಂದು ಪುರಾವೆ ಸಾಕೆಂಬುದು ಕೃಶಪಕ್ಷ. ಇಲಾಖೆ ಹೇಳುವುದೂ ಇಷ್ಟನ್ನೇ; ಆದ್ದರಿಂದಲೇ ನಮ್ಮವರು ಇದನ್ನು ನಂಬುವುದಿಲ್ಲ. ಸ್ಥೂಲಪಕ್ಷದವರ ಫೈಲಿನಲ್ಲಿ ಮದುವೆ ಸರ್ಟಿಫಿಕೇಟು, ಪೇ ಸ್ಟಬ್ಬು, ಆಧಾರ್ ಕಾರ್ಡು, ಎಲ್ಲಕ್ಕೂ ಅಡಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇರುತ್ತದೆ. ‘ಅಂಕಪಟ್ಟಿಯನ್ನು ಇದುವರೆಗೆ ಯಾರೂ ಕೇಳಿಲ್ಲವಲ್ಲ?’ ಎಂದು ಕೃಶಪಕ್ಷದ ಆಕ್ಷೇಪ. ‘ಒಯ್ದಿದ್ದರಿಂದಲೇ ಕೇಳಲಿಲ್ಲ’ ಎಂಬುದು ಸಮಾಧಾನ. ಈ ವಾದವನ್ನು ಖಂಡಿಸಿದವರು ಇನ್ನೂ ಹುಟ್ಟಿಲ್ಲ.

ಪ್ರಮಾಣಗಳ ವಿಚಾರ ಸರಳ. ಬೆರಳಚ್ಚು ಪ್ರತ್ಯಕ್ಷ, ಅರ್ಜಿಯಲ್ಲಿ ಬರೆದದ್ದು ಶಬ್ದ, ಅನುಮಾನವು ಅಧಿಕಾರಿಗೆ ಮೀಸಲು. ಐದು ವರ್ಷಗಳಲ್ಲಿ ಕಂಡ ದೇಶಗಳ ಪಟ್ಟಿ ಕೇಳುವುದುಂಟು. ದುಬೈ ನಿಲ್ದಾಣದ ಕುರ್ಚಿಯಲ್ಲಿ ತೂಕಡಿಸಿದ್ದು ದೇಶಸಂಚಾರವೇ ಎಂಬ ಚರ್ಚೆ ನ್ಯೂಜೆರ್ಸಿಯ ಊಟದ ಮನೆಗಳಲ್ಲಿ ಹುಳಿಯಿಂದ ಮಜ್ಜಿಗೆಯವರೆಗೂ ನಡೆಯುತ್ತದೆ.

ಆದರೆ ಶಾಸ್ತ್ರದ ಮರ್ಮಸ್ಥಾನ ಬೇರೆ. ಹಿಂದಿನ ರಾತ್ರಿ ಹೆಂಡತಿಯೇ ಅಧಿಕಾರಿಯಾಗಿ ತಾಲೀಮು ನಡೆಸುತ್ತಾಳೆ. ‘ರೀ, ಹಲ್ಲು ಕಿರೀಬೇಡಿ. ಕಸ್ಟಮ್ಸ್ ನಿಯಮ ಯಾವತ್ತಾದ್ರೂ ಮುರಿದಿದ್ದೀರಾ?’ ಗಂಡ ತಡವರಿಸುತ್ತಾನೆ. ಹೋದ ಬೇಸಿಗೆಯಲ್ಲಿ ಅವನ ತಾಯಿ ತಂದ ಸೂಟ್‌ಕೇಸು ಇಬ್ಬರಿಗೂ ನೆನಪಾಗುತ್ತದೆ. ಸಾರಿನ ಪುಡಿ, ಚಟ್ನಿಪುಡಿಗಳನ್ನು ಫಾರ್ಮಿನಲ್ಲಿ ತೋರಿಸಿದರೆ ಸಾಮಾನ್ಯವಾಗಿ ಬಾಧಕವಿಲ್ಲ. ಹಸಿ ಕರಿಬೇವು ಮಾತ್ರ ನಿಷಿದ್ಧ: ನಿಂಬೆ, ಕಿತ್ತಳೆ ಗಿಡಗಳಿಗೆ ರೋಗ ಹರಡುವ ಸಣ್ಣ ಕೀಟವೊಂದು ಕರಿಬೇವಿನಲ್ಲೂ ಮನೆ ಮಾಡುತ್ತದೆ. ಇದೆಯೆಂದು ಹೇಳಿದರೆ ಎಲೆ ಮಾತ್ರ ಹೋಗುತ್ತದೆ. ಮುಚ್ಚಿಟ್ಟರೆ ದಂಡದ ಜೊತೆ ಗ್ಲೋಬಲ್ ಎಂಟ್ರಿಯೂ ಹೋಗಬಹುದು. ‘ಎರಡು ಎಸಳು ಸೊಪ್ಪು ಯಾರ ಕಣ್ಣಿಗೆ ಬೀಳತ್ತೆ?’ ಎಂಬುದು ಅತ್ತೆಯ ಪೂರ್ವಪಕ್ಷ. ಕಣ್ಣಿಗೆ ಬೀಳಬೇಕಿಲ್ಲ. 1984ರಿಂದಲೂ ಅಲ್ಲಿನ ನಿಲ್ದಾಣಗಳಲ್ಲಿ ಬೀಗಲ್ ನಾಯಿಗಳಿವೆ. ಅವು ಬೊಗಳುವುದಿಲ್ಲ, ಕಚ್ಚುವುದಿಲ್ಲ. ಚೀಲದ ಪಕ್ಕ ಬಂದು ಸುಮ್ಮನೆ ಕೂರುತ್ತವೆ. ಮೌನವ್ಯಾಖ್ಯಾನಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಪ್ರಸ್ತುತ ಲೇಖಕನಿಗೆ ಸಿಕ್ಕಿಲ್ಲ.

ಸಂದರ್ಶನ ನಡೆಯುವುದು ಕೆಲವೇ ನಿಮಿಷ. ಒಂದು ಫೋಟೊ, ಬೆರಳಚ್ಚು, ನಾಲ್ಕು ಪ್ರಶ್ನೆ. ಫೈಲಿನ ದಾರ ಬಿಚ್ಚುವಷ್ಟರಲ್ಲಿ ಮುಗಿದಿರುತ್ತದೆ.

ಉಳಿದದ್ದು ಬಾಲಪ್ರಕರಣ. ತಂದೆತಾಯಿ ಸದಸ್ಯರಾಗಿದ್ದರೆ 18 ತುಂಬದ ಮಕ್ಕಳಿಗೆ 2024ರ ಅಕ್ಟೋಬರ್‌ನಿಂದ ಶುಲ್ಕವಿಲ್ಲ. ಸಂದರ್ಶನ ಮಾತ್ರ ತೊಟ್ಟಿಲ ಕೂಸಿಗೂ ತಪ್ಪಿದ್ದಲ್ಲ. ತೊಟ್ಟಿಲ ಕೂಸಿನಿಂದ ಅಪಾಯವಿಲ್ಲ. ನಾಲ್ಕು ವರ್ಷದ ಮಗುವೇ ಕಷ್ಟ: ಅಜ್ಜಿಯ ಸೂಟ್‌ಕೇಸಿನಲ್ಲಿ ಏನಿತ್ತೆಂದು ಅದಕ್ಕೆ ಗೊತ್ತು, ಕೇಳಿದಷ್ಟಕ್ಕೇ ಉತ್ತರಿಸಬೇಕೆಂದು ಗೊತ್ತಿಲ್ಲ. ಕೊಠಡಿ ಹೊಗುವ ಮೊದಲು ಅದರ ಬಾಯಿಗೆ ಒಂದು ಕೋಡುಬಳೆ ಕೊಡಬೇಕೆಂದು ಸ್ಥೂಲಪಕ್ಷ, ಎರಡು ಕೊಡಬೇಕೆಂದು ಕೃಶಪಕ್ಷ.